ಆವತಿಯಿಂದ ಮಾಗಡಿಗೆ: ಯಲಹಂಕ ನಾಡಪ್ರಭುಗಳ ಪಶ್ಚಿಮಾಭಿಮುಖ ವಲಸೆಯ ಐತಿಹ್ಯವಿಮರ್ಶೆ

೧

ಬೆಂಗಳೂರು ನಗರವನ್ನು ೧೫೩೭ರಲ್ಲಿ ಕಟ್ಟಿಸಿದವನು ಯಲಹಂಕದ ನಾಡಪ್ರಭುವಾದ ಹಿರಿಯ ಕೆಂಪೇಗೌಡನೆಂಬುದು ನಮ್ಮ ನಾಡಿನಲ್ಲಿ ಬಾಲಕರೂ ಬಲ್ಲ ಸಂಗತಿ. ಆದರೆ ಈತನ ವಂಶದ ಮೂಲಪುರುಷನು ಎಲ್ಲಿಂದ ಬಂದನು, ಯಾವ ಕಾರಣದಿಂದ ಬಂದನು, ಅವನ ಸಂತತಿಯವರು ಯಾವ ಹಾದಿ ಹಿಡಿದು ಮಾಗಡಿಯವರೆಗೆ ಸಾಗಿದರು ಎಂಬ ವಿಷಯದಲ್ಲಿ ನಾವು ಇಂದಿಗೂ ಒಂದು ಕಥೆಯನ್ನು ಹೇಳಿ ತೃಪ್ತರಾಗುತ್ತಿದ್ದೇವೆ. ಆ ಕಥೆಯು ನಾಟಕಗಳಲ್ಲಿಯೂ ಸಭೆಗಳಲ್ಲಿಯೂ ಚರಿತ್ರೆಯೆಂಬ ಹೆಸರಿನಿಂದ ನಡೆಯುತ್ತಿದೆ. ಅದನ್ನು ಪೂರ್ತಿಯಾಗಿ ನಂಬುವವರೂ ಉಂಟು, ಕಟ್ಟುಕಥೆಯೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವವರೂ ಉಂಟು. ಇಬ್ಬರೂ ಅದನ್ನು ಪರೀಕ್ಷಿಸುವ ಶ್ರಮವನ್ನು ಮಾತ್ರ ಕೈಗೊಂಡಂತೆ ತೋರುವುದಿಲ್ಲ.

ಈ ವಲಸೆಯನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಬಹುದು. ಮೊದಲನೆಯದು ಕಂಚಿಯ ಸೀಮೆಯಿಂದ ದೇವನಹಳ್ಳಿಯ ಬಳಿಯ ಆವತಿಗೆ. ಎರಡನೆಯದು ಆವತಿಯಿಂದ ಯಲಹಂಕಕ್ಕೆ. ಮೂರನೆಯದು ಯಲಹಂಕದಿಂದ ಬೆಂಗಳೂರಿಗೆ. ನಾಲ್ಕನೆಯದು ಬೆಂಗಳೂರಿನಿಂದ ಮಾಗಡಿ ಸಾವನದುರ್ಗಗಳಿಗೆ. ಮಧ್ಯದಲ್ಲಿ ದಕ್ಷಿಣಕ್ಕೆ ಸ್ವಲ್ಪ ಓರೆಯಾದರೂ ಮೊತ್ತದಲ್ಲಿ ಪ್ರಯಾಣವೆಲ್ಲ ಮೂಡಲಿನಿಂದ ಪಡುವಲಿಗೇ ನಡೆದಿದೆ. ನಾಲ್ಕನೆಯ ಘಟ್ಟದ ಹಾದಿಯು ಇಂದು ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಎಂದು ಕರೆಯಲ್ಪಡುವ ಪಶ್ಚಿಮ ಬೆಂಗಳೂರಿನ ನೆಲವನ್ನು ಹಾದುಹೋಗುತ್ತದೆ.

ಸಾಮಾನ್ಯವಾಗಿ ಈ ವೃತ್ತಾಂತವನ್ನು ಹೇಳುವವರು ಕಂಚಿಯಿಂದ ಮೊದಲುಮಾಡಿ ಮಾಗಡಿಗೆ ಬರುತ್ತಾರೆ. ಕಥೆ ಹೇಳುವವನಿಗೆ ಅದು ಸರಿಯಾದ ಕ್ರಮವೇ. ಆದರೆ ಶೋಧಕನು ತಿಳಿದುದರಿಂದ ತಿಳಿಯದುದಕ್ಕೆ ಹೋಗಬೇಕು. ಆದುದರಿಂದ ಈ ಲೇಖನದಲ್ಲಿ ಕಡೆಯ ಘಟ್ಟದಿಂದ ಹೊರಟು ಹಿಂದು ಹಿಂದಕ್ಕೆ ನಡೆಯುತ್ತೇವೆ. ಹೀಗೆ ನಡೆಯುವುದರಿಂದ ಒಂದು ವಿಶೇಷ ಲಾಭವುಂಟೆಂಬುದು ಮುಂದೆ ವಾಚಕರಿಗೆ ಗೋಚರವಾದೀತು.

೨

ಮೊದಲು ಆಕರಗಳ ಮಾತು. ಆವತಿಯ ಕಥೆಯು ಅಚ್ಚಿನಲ್ಲಿ ಬಹುಜನರಿಗೆ ತಿಳಿದದ್ದು ಲೂಯಿ ರೈಸ್ ಅವರ ಮೈಸೂರು ಗ್ಯಾಸೆಟಿಯರಿನಿಂದ. ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಹುಟ್ಟಿದ ಈ ಮಹನೀಯರು ೧೮೭೭ರಲ್ಲಿ ಆ ಗ್ರಂಥವನ್ನು ಪ್ರಕಟಿಸಿ, ೧೮೯೭ರಲ್ಲಿ ತಿದ್ದಿ ಮತ್ತೆ ಹೊರಡಿಸಿದರು. ೧೯೦೫ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಪಾದಿಸಿದರು. ಅನಂತರ ಬಿ. ಪುಟ್ಟಯ್ಯನವರು ೧೯೨೩ರಲ್ಲಿ ಮಿಥಿಕ್ ಸೊಸೈಟಿಯ ತ್ರೈಮಾಸಿಕ ಪತ್ರಿಕೆಯಲ್ಲಿ ಕೆಂಪೇಗೌಡ ಪ್ರಭುಗಳನ್ನು ಕುರಿತು ಬರೆದರು. ೧೯೨೭ರಿಂದ ೧೯೩೦ರವರೆಗೆ ಹೊರಟ ಹಯವದನರಾಯರ ಗ್ಯಾಸೆಟಿಯರಿನಲ್ಲಿಯೂ ಈ ವಿಷಯವು ಬಂದಿದೆ. ಈ ಹಿರಿಯರಿಗೆ ನಾವೆಲ್ಲರೂ ಋಣಿಗಳು. ಆದರೆ ಒಂದು ಸೂಕ್ಷ್ಮವನ್ನು ಮರೆಯಬಾರದು. ಗ್ಯಾಸೆಟಿಯರಿನ ರೈಸ್ ಅವರು ಜನರು ಹೇಳಿದುದನ್ನು ಸಂಗ್ರಹಿಸಿದವರು. ಶಾಸನಸಂಪುಟದ ರೈಸ್ ಅವರು ಕಲ್ಲು ಹೇಳಿದುದನ್ನು ಓದಿದವರು. ವ್ಯಕ್ತಿ ಒಬ್ಬರೇ ಆದರೂ ಸಾಕ್ಷಿಗಳು ಎರಡು ಬಗೆಯವು. ಒಬ್ಬ ವಿದ್ವಾಂಸರ ಹೆಸರಿನ ಬಲದಿಂದ ಈ ಎರಡನ್ನೂ ಸಮತೂಕದವೆಂದು ಭಾವಿಸಿದುದೇ ಮುಂದಿನ ಗೊಂದಲಕ್ಕೆಲ್ಲ ಕಾರಣವಾಯಿತು.

ಕಥೆಯ ಸಾರಾಂಶವಿದು. ಕಂಚಿಯ ಸಮೀಪದ ಗ್ರಾಮವೊಂದರಲ್ಲಿ (ಯಣಮಂಜಿ ಪುತ್ತೂರೆಂದು ಹೇಳುವವರುಂಟು) ರಣಭೈರೇಗೌಡನೆಂಬ ಮೊರಸು ಒಕ್ಕಲಿಗ ಗೌಡನು ಸೋದರರೊಡನೆ ಬಾಳುತ್ತಿದ್ದನು. ಅವನ ಮಗಳು ದೊಡ್ಡಮ್ಮನನ್ನು ಬಲಿಷ್ಠನಾದ ಒಬ್ಬ ಅಧಿಪತಿಯು ಬಯಸಲು, ಕುಲಗೌರವಕ್ಕೆ ಹೆದರಿದ ಗೌಡನು ಏಳು ಮನೆಗಳ ಜನರನ್ನು ಬಂಡಿಗಳಲ್ಲಿ ಕೂಡಿಸಿಕೊಂಡು ರಾತ್ರಿಯಲ್ಲಿ ಹೊರಟನು. ಬೆನ್ನಟ್ಟಿದ ದಂಡು ಹಿಂದೆ, ತುಂಬಿ ಹರಿಯುವ ಪಾಲಾರು ಮುಂದೆ. ದೈವಕೃಪೆಯಿಂದ ಹೊಳೆ ದಾರಿಬಿಟ್ಟಿತು. ನಂದಿದುರ್ಗದ ಮೂಡಲಿಗಿರುವ ರಾಮಸ್ವಾಮಿಬೆಟ್ಟದ ತಪ್ಪಲಲ್ಲಿ ಅವರು ತಂಗಿದರು. ಅಲ್ಲಿ ಆವತಿಯೆಂಬ ಊರು ಹುಟ್ಟಿತು. ಆ ಗುಂಪಿನಿಂದಲೇ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಹೊಳವನಹಳ್ಳಿ, ಸುಗಟೂರು, ಯಲಹಂಕ ಮುಂತಾದ ಪಾಳೆಯಪಟ್ಟುಗಳ ಮನೆತನಗಳು ಕವಲೊಡೆದುವು. ಯಲಹಂಕಕ್ಕೆ ಬಂದವನು ಜಯಗೌಡ.

೩

ಈಗ ಕಡೆಯ ಘಟ್ಟವನ್ನು ತೆಗೆದುಕೊಳ್ಳೋಣ. ಇದನ್ನು ಕುರಿತು ರೂಢಿಯಲ್ಲಿರುವ ಮಾತೂ ಒಂದು ಪಲಾಯನದ ಕಥೆಯೇ. ೧೬೩೮ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಬೆಂಗಳೂರನ್ನು ಮುತ್ತಿ ಹಿಡಿದನು. ಕೋಟೆಯು ಶಹಾಜಿ ಭೋಸಲೆಯ ವಶವಾಯಿತು. ಅಂದಿನ ಕೆಂಪೇಗೌಡನು ನೆಲೆತಪ್ಪಿ ಪಡುವಲಿಗೆ ಸರಿದು ಮಾಗಡಿಯನ್ನು ಸೇರಿಕೊಂಡನು. ಅಂದಿನಿಂದ ಆ ಮನೆತನದವರು ಮಾಗಡಿ ಕೆಂಪೇಗೌಡರೆನಿಸಿಕೊಂಡರು.

ಸೋಲು ನಿಜ. ಸೋತವರ ಐತಿಹ್ಯವು ಹೇಳುವುದನ್ನೇ ಗೆದ್ದವರ ಗ್ರಂಥವೂ ಹೇಳುತ್ತದೆ. ಶಿವಾಜಿಯ ಆಶ್ರಯದಲ್ಲಿ ಕವೀಂದ್ರ ಪರಮಾನಂದನು ಸಂಸ್ಕೃತದಲ್ಲಿ ರಚಿಸಿದ ಶಿವಭಾರತದಲ್ಲಿ ಬೆಂಗಳೂರಿನ ಕೆಂಪೇಗೌಡನ ಪರಾಭವವೂ, ಆ ಪಟ್ಟಣವು ಶಹಾಜಿಗೆ ದೊರೆತುದೂ ವರ್ಣಿತವಾಗಿವೆ. ಪರಸ್ಪರ ಸಂಬಂಧವಿಲ್ಲದ, ವಿರುದ್ಧ ಪಕ್ಷಗಳ ಎರಡು ಸಾಕ್ಷಿಗಳು ಒಂದೇ ಮಾತನ್ನಾಡಿದಾಗ ಅದನ್ನು ಒಪ್ಪದಿರಲು ಕಾರಣವಿಲ್ಲ.

ಆದರೆ ಪಡುವಲಿಗೆ ಸರಿದುದು ಈ ಸೋಲಿನ ಫಲವೇ? ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದನೆಯದು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ೨೦೧೫ರಲ್ಲಿ ಒಂದು ಸಮಾಧಿಯು ವಿದ್ವಾಂಸರ ಗಮನಕ್ಕೆ ಬಂದಿತು. ಅಲ್ಲಿಯ ಶಾಸನವನ್ನು ಆಧರಿಸಿ, ಕುಣಿಗಲ ಕಡೆಯಿಂದ ಹಿಂದಿರುಗುವಾಗ ಮಡಿದ ಹಿರಿಯ ಕೆಂಪೇಗೌಡನ ಸಮಾಧಿಯೇ ಇದೆಂದು ಅವರು ಗುರುತಿಸಿದರು. ಅವನ ಮರಣವರ್ಷವೆಂದು ಸಾಮಾನ್ಯವಾಗಿ ಒಪ್ಪಿರುವುದು ೧೫೬೯. ಈ ಗುರುತು ನಿಲ್ಲುವುದಾದರೆ, ಬೆಂಗಳೂರನ್ನು ಕಟ್ಟಿದವನೇ ತನ್ನ ಕಡೆಯ ದಿನಗಳಲ್ಲಿ ಕುಣಿಗಲು ಮಾಗಡಿಗಳ ನಡುವಣ ಸೀಮೆಯಲ್ಲಿ ಓಡಾಡುತ್ತಿದ್ದನೆಂದಾಯಿತು. ಅದು ಬೆಂಗಳೂರು ಕೈಬಿಡುವುದಕ್ಕೆ ೬೯ ವರ್ಷ ಮೊದಲಿನ ಮಾತು.

ಎರಡನೆಯದು. ನೆಲಮಂಗಲದ ಪಡುವಲಿಗಿರುವ ಶಿವಗಂಗೆಯ ಗಂಗಾಧರೇಶ್ವರನ ಗುಡಿಯಲ್ಲಿ ಕೆಂಪೇಗೌಡನ ಲೋಹಪ್ರತಿಮೆಯುಂಟಷ್ಟೆ. ಅವನು ತೀರಿಕೊಂಡ ಮೇಲೆ ೧೬೦೯ರಲ್ಲಿ ಅದನ್ನು ಅಲ್ಲಿ ಸ್ಥಾಪಿಸಿದರು. ಹಿರಿಯನ ಪ್ರತಿಮೆಯನ್ನು ಒಂದು ಕ್ಷೇತ್ರದಲ್ಲಿ ಸ್ಥಾಪಿಸಬೇಕಾದರೆ ಆ ಕ್ಷೇತ್ರದಲ್ಲಿ ಮನೆತನಕ್ಕೆ ಸ್ಥಿರವಾದ ಸಂಬಂಧವೂ ಸೇವೆಯೂ ಇರಬೇಕು. ಇದೂ ಸೋಲಿಗೆ ೨೯ ವರ್ಷ ಹಿಂದಿನದು.

ಮೂರನೆಯದು ಸಾವನದುರ್ಗದ ವೃತ್ತಾಂತ. ರೈಸ್ ಅವರು ಸಂಗ್ರಹಿಸಿರುವಂತೆ, ವಿಜಯನಗರದ ಅಧಿಕಾರಿಯಾದ ಸಾಮಂತರಾಯನು ೧೫೪೩ರಲ್ಲಿ ಅಲ್ಲಿ ಕೋಟೆಯನ್ನು ಕಟ್ಟಿದನು. ತರುವಾಯ ಅದು ಬೆಂಗಳೂರಿನ ಇಮ್ಮಡಿ ಕೆಂಪೇಗೌಡನ ಕೈಸೇರಿ, ೧೭೨೮ರವರೆಗೆ ಅವನ ಮನೆತನದಲ್ಲಿಯೇ ಉಳಿಯಿತು. ಇಲ್ಲಿ ಆತನನ್ನು ಬೆಂಗಳೂರಿನವನೆಂದೇ ಹೇಳಿರುವುದು ಗಮನಾರ್ಹ. ಬೆಂಗಳೂರಿನಲ್ಲಿ ಆಳುತ್ತಿದ್ದವನು ದುರ್ಗವನ್ನು ಪಡೆದನೇ ಹೊರತು, ಬೆಂಗಳೂರನ್ನು ಕಳೆದುಕೊಂಡವನು ದುರ್ಗವನ್ನು ಹುಡುಕಿಕೊಂಡು ಹೋದುದಲ್ಲ.

ಈ ಮೂರರಲ್ಲಿ ಒಂದು ಸಮಾಧಿಯ ಶಾಸನ, ಒಂದು ಪ್ರತಿಮೆ, ಒಂದು ಮೌಖಿಕ ವೃತ್ತಾಂತ. ಒಂದೊಂದನ್ನೇ ಹಿಡಿದರೆ ಪ್ರತಿಯೊಂದಕ್ಕೂ ಆಕ್ಷೇಪಣೆ ಹೇಳಬಹುದು. ಒಂದೇ ಹೆಸರಿನ ಅನೇಕರು ಆಳಿದ ವಂಶದಲ್ಲಿ ಸಮಾಧಿಯು ಯಾವ ಕೆಂಪೇಗೌಡನದೆಂದು ಕೇಳಬಹುದು. ಪ್ರತಿಮೆಯು ಭಕ್ತಿಯ ಗುರುತೇ ಹೊರತು ಅಧಿಕಾರದ ಗುರುತಲ್ಲವೆನ್ನಬಹುದು. ದುರ್ಗದ ವೃತ್ತಾಂತವು ಕೇಳಿದ ಮಾತೆನ್ನಬಹುದು. ಆದರೆ ಬೇರೆ ಬೇರೆ ಬಗೆಯ ಮೂರು ಸಾಕ್ಷಿಗಳು ಒಂದೇ ದಿಕ್ಕಿಗೆ ಕೈತೋರಿಸುತ್ತಿರುವಾಗ ಆ ದಿಕ್ಕನ್ನು ನೋಡದಿರುವುದು ವಿವೇಕವಲ್ಲ.

ಇನ್ನೂ ಹಿಂದೆ ಹೋದರೆ ಇದರ ಬೀಜವೇ ಕಾಣುತ್ತದೆ. ಅಚ್ಯುತರಾಯನು (ಆಳಿಕೆ ೧೫೨೯-೧೫೪೨) ಹಿರಿಯ ಕೆಂಪೇಗೌಡನಿಗೆ ೩೦,೦೦೦ ವರಹಗಳ ಹುಟ್ಟುವಳಿಯುಳ್ಳ ಹನ್ನೆರಡು ಹೋಬಳಿಗಳನ್ನು ಬಿಟ್ಟುಕೊಟ್ಟನೆಂದು ಪ್ರತೀತಿ. ಆ ಪಟ್ಟಿಯಲ್ಲಿ ಹಲಸೂರು, ವರ್ತೂರು, ಬೇಗೂರು, ಜಿಗಣಿಗಳೊಡನೆ ಕೆಂಗೇರಿಯೂ ಕುಂಬಳಗೋಡೂ ಸೇರಿವೆ. ಹೊಸ ಪಟ್ಟಣದ ನಾಲ್ಕು ಹೆಬ್ಬಾಗಿಲುಗಳಿಗೆ ಹಲಸೂರು, ಯಲಹಂಕ, ಆನೆಕಲ್ಲು, ಸೊಂಡೆಕೊಪ್ಪ ಎಂಬ ಊರುಗಳ ಹೆಸರುಗಳಿದ್ದುವು. ಯಲಹಂಕದ ಬಾಗಿಲು ವಂಶವು ಬಂದ ದಾರಿಯನ್ನು ತೋರಿಸಿದರೆ, ಪಡುವಣ ಸೊಂಡೆಕೊಪ್ಪದ ಬಾಗಿಲು ಅದು ಮುಂದೆ ಹೋಗಲಿದ್ದ ದಾರಿಯ ಮೇಲಿತ್ತು. ಪಟ್ಟಣದ ನೈರುತ್ಯಕ್ಕೆ ಕೆಂಪಾಂಬುಧಿ ಕೆರೆಯೂ ಅದೇ ಮನೆತನದ ಹೆಸರನ್ನು ಹೊತ್ತಿದೆ.

ಆದುದರಿಂದ ನಮ್ಮ ನಿರ್ಣಯವು ಹೀಗೆ. ೧೬೩೮ರ ಸೋಲು ಈ ಮನೆತನವನ್ನು ಪಡುವಲಿಗೆ ಓಡಿಸಲಿಲ್ಲ. ಮೂರು ತಲೆಮಾರುಗಳಿಂದ ಪಡುವಲಿಗೆ ಬೆಳೆಯುತ್ತಿದ್ದ ಮನೆತನದಿಂದ ಅದರ ಮೂಡಣ ಭಾಗವನ್ನು ಕತ್ತರಿಸಿತು. ಅವರು ಹೋದುದು ಅಪರಿಚಿತವಾದ ಕಾಡಿಗಲ್ಲ, ತಮ್ಮದೇ ಆದ ಮತ್ತೊಂದು ಮನೆಗೆ. ಜನರ ನೆನಪು ದೀರ್ಘಕಾಲದ ಈ ಬೆಳವಣಿಗೆಯನ್ನು ಮರೆತು, ಒಂದು ರಾತ್ರಿಯ ಪಲಾಯನವನ್ನು ಮಾತ್ರ ಇಟ್ಟುಕೊಂಡಿತು.

೪

೧೬೩೮ರ ತರುವಾಯದ ಸ್ಥಿತಿಯೂ ಈ ನಿರ್ಣಯಕ್ಕೆ ಅನುಕೂಲವಾಗಿಯೇ ಇದೆ. ಮಲ್ಲೇಶ್ವರದ ಕಾಡುಮಲ್ಲಿಕಾರ್ಜುನ ದೇವಾಲಯಕ್ಕೆ ಸಂಬಂಧಿಸಿದ ೧೬೬೯ರ ಶಾಸನದಲ್ಲಿ ಆ ಸ್ಥಳವನ್ನು ಮಲ್ಲಾಪುರವೆಂದು ಕರೆದಿದೆ. ಶಹಾಜಿಯ ಮಗನಾದ ಏಕೋಜಿಯು ದೇವರಿಗೆ ಮೇದರನಿಂಗನಹಳ್ಳಿಯನ್ನು ಬಿಟ್ಟುದನ್ನು ಅದು ತಿಳಿಸುತ್ತದೆ. ಎಂದರೆ ಪಟ್ಟಣದ ವಾಯವ್ಯದ ಅಂಚಿನವರೆಗೆ ಮರಾಠರ ಅಧಿಕಾರವು ನಡೆಯುತ್ತಿತ್ತು. ಮಾಗಡಿಯಲ್ಲಿ ಅದೇ ಕಾಲಕ್ಕೆ ಕೆಂಪೇಗೌಡರು ಆಳುತ್ತಿದ್ದರು. ಹೀಗೆ ಇಂದಿನ ರಾಜಾಜಿನಗರ ವಿಜಯನಗರಗಳ ನೆಲವು ಆಗ ಎರಡು ಆಳಿಕೆಗಳ ನಡುವಣ ಅಂಚಿನ ಸೀಮೆಯಾಗಿದ್ದಿರಬೇಕೆಂದು ಊಹಿಸಬಹುದು. ಮಾಗಡಿಯ ರಸ್ತೆಯಲ್ಲಿ ಸುಂಕದಕಟ್ಟೆಯೆಂಬ ಊರು ಇಂದಿಗೂ ಇದೆ. ಅಲ್ಲಿ ಸುಂಕವನ್ನೆತ್ತಿದವರು ಯಾರೇ ಆಗಿರಲಿ, ದಾರಿಯಲ್ಲಿ ಸರಕಿನ ಸಂಚಾರವಿತ್ತೆಂಬುದಕ್ಕೆ ಆ ಹೆಸರೇ ಸಾಕ್ಷಿ.

೧೬೮೭ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ಕೊಟ್ಟು ಬೆಂಗಳೂರನ್ನು ಪಡೆದರು. ಆ ವೇಳೆಗೆ ಪಟ್ಟಣವು ಕೆಂಪೇಗೌಡರ ಕೈಬಿಟ್ಟು ಅರ್ಧ ಶತಮಾನವಾಗಿತ್ತು. ಮಾಗಡಿಯ ಸಂಸ್ಥಾನವಾದರೋ ಇನ್ನೂ ೪೧ ವರ್ಷ ನಿಂತಿತು. ೧೭೨೮ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಸಾವನದುರ್ಗವನ್ನು ಹಿಡಿದನು. ಕಡೆಯ ಕೆಂಪೇಗೌಡನು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡನು. ಆ ಕಡೆಯ ಪ್ರಯಾಣವೂ ಪಡುವಲಿಗೇ. ಆದರೆ ಅದೊಂದು ಮಾತ್ರ ಅವರ ಇಚ್ಛೆಯಿಂದ ನಡೆದುದಲ್ಲ.

ಬೆಂಗಳೂರಿನಲ್ಲಿ ಆ ವಂಶವು ಆಳಿದ ಕಾಲವು ಒಂದು ನೂರು ವರ್ಷ, ಮಾಗಡಿಯಲ್ಲಿ ತೊಂಬತ್ತು. ನಾವು ಮೊದಲನೆಯದನ್ನು ಉತ್ಸವವಾಗಿಯೂ ಎರಡನೆಯದನ್ನು ಉಪಸಂಹಾರವಾಗಿಯೂ ಎಣಿಸುವುದು ನ್ಯಾಯವಲ್ಲ.

೫

ಇನ್ನು ಹಿಂದಕ್ಕೆ, ಯಲಹಂಕದ ಘಟ್ಟಕ್ಕೆ ಬರೋಣ. ಇಲ್ಲಿ ನಮಗೆ ಒಂದು ದೊಡ್ಡ ಆಧಾರವುಂಟು, ಅದು ಬಿರುದು. ಪಟ್ಟಣವು ಬೆಂಗಳೂರಾದಮೇಲೆಯೂ, ನೆಲೆಯು ಮಾಗಡಿಯಾದಮೇಲೆಯೂ, ಈ ವಂಶದವರು ತಮ್ಮನ್ನು ಕರೆದುಕೊಂಡುದು ಯಲಹಂಕನಾಡ ಪ್ರಭುಗಳೆಂದೇ. ಮನುಷ್ಯನು ಊರು ಬಿಟ್ಟರೂ ಹೆಸರನ್ನು ಬಿಡುವುದಿಲ್ಲ. ಆಸ್ತಿಯ ದಾಖಲೆಗಳು ಹಾಳಾದರೂ ಬಿರುದಿನಲ್ಲಿ ಹಿಂದಿನ ನೆಲೆಯು ಉಳಿದುಬರುತ್ತದೆ. ಆದುದರಿಂದ ಯಲಹಂಕವು ಇವರ ಮೊದಲ ಅಧಿಕಾರಸ್ಥಾನವೆಂಬುದರಲ್ಲಿ ಸಂದೇಹವಿಲ್ಲ. ಆ ನಾಡೂ ಇವರು ಸೃಷ್ಟಿಸಿದುದಲ್ಲ. ಚೋಳರ ಕಾಲದ ತಮಿಳು ಶಾಸನಗಳಲ್ಲಿಯೇ ಅದು ಇಲೈಪ್ಪಾಕ್ಕನಾಡು ಎಂಬ ರೂಪದಲ್ಲಿ ಕಾಣುತ್ತದೆ. ಇವರು ಹಳೆಯ ನಾಡೊಂದರ ಒಡೆತನಕ್ಕೆ ಬಂದವರು. ಅದೇ ರೀತಿ ಸುಮಾರು ೮೯೦ರ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರೆಂಬ ಹೆಸರಿರುವುದರಿಂದ, ಕೆಂಪೇಗೌಡನು ಹೆಸರನ್ನು ಸೃಷ್ಟಿಸಿದವನಲ್ಲ, ಪಟ್ಟಣವನ್ನು ಕಟ್ಟಿದವನು.

ಶಾಸನಗಳಲ್ಲಿ ಈ ಪ್ರಭುಗಳು ತಮ್ಮನ್ನು ಚತುರ್ಥಗೋತ್ರದವರೆಂದು ಹೇಳಿಕೊಂಡಿದ್ದಾರೆ. ಇದರಿಂದ ಇತರ ಪಾಳೆಯಗಾರರೊಡನೆ ಇವರ ರಕ್ತಸಂಬಂಧವನ್ನು ಸಾಧಿಸಹೊರಡುವವರು ಎಚ್ಚರದಿಂದಿರಬೇಕು. ಚತುರ್ಥವೆಂದರೆ ನಾಲ್ಕನೆಯ ವರ್ಣವೆಂದಷ್ಟೇ ಅರ್ಥ. ಅದು ಒಬ್ಬ ಮೂಲಪುರುಷನನ್ನು ಸೂಚಿಸುವ ಮಾತಲ್ಲ.

ವಂಶಾವಳಿಯಲ್ಲಿ ಮಾತ್ರ ಒಂದು ತೊಡಕುಂಟು. ರೂಢಿಯಲ್ಲಿರುವ ಪಟ್ಟಿಯಂತೆ ಕೆಂಪನಂಜೇಗೌಡನು ೧೪೪೩ರಿಂದ ೧೫೧೩ರವರೆಗೂ, ಅವನ ಮಗನಾದ ಹಿರಿಯ ಕೆಂಪೇಗೌಡನು ೧೫೧೩ರಿಂದ ೧೫೬೯ರವರೆಗೂ ಆಳಿದರು. ತಂದೆಗೆ ೭೦ ವರ್ಷ, ಮಗನಿಗೆ ೫೬ ವರ್ಷ; ಎರಡೇ ಆಳಿಕೆಗಳಿಗೆ ೧೨೬ ವರ್ಷ. ಅಸಂಭವವೆಂದು ಹೇಳಲಾಗದು; ಆದರೆ ಜಗತ್ತಿನ ರಾಜವಂಶಗಳಲ್ಲಿ ಇಂತಹ ಜೋಡಿಗಳು ಬಹು ವಿರಳ. ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿಯುಳ್ಳ ಮನೆತನಗಳಲ್ಲಿ ಒಂದೇ ಹೆಸರಿನ ಇಬ್ಬರು ನೆನಪಿನಲ್ಲಿ ಒಬ್ಬರಾಗಿಬಿಡುವುದು ಸಾಮಾನ್ಯ. ಇಲ್ಲಿಯೂ ಒಂದು ತಲೆಮಾರು ಹೀಗೆ ಅಡಗಿಹೋಗಿರಬಹುದೆಂದು ನಮ್ಮ ಶಂಕೆ. ಪಟ್ಟಿಯನ್ನು ಶಿಲಾಶಾಸನವೆಂಬಂತೆ ಪುನರುಚ್ಚರಿಸುವ ಬದಲು, ಯಾವ ವರ್ಷಕ್ಕೆ ಶಾಸನದ ಆಧಾರವುಂಟು, ಯಾವುದಕ್ಕೆ ಲೆಕ್ಕ ಹೊಂದಿಸಿದವರ ಜಾಣ್ಮೆ ಮಾತ್ರ ಆಧಾರ ಎಂಬುದನ್ನು ಬೇರ್ಪಡಿಸಿ ತೋರಿಸಬೇಕು.

೬

ಈಗ ಉಳಿದುದು ಮೊದಲನೆಯ ಘಟ್ಟ, ಕಂಚಿಯಿಂದ ಆವತಿ. ಇಲ್ಲಿ ಕಲ್ಲು ಮೌನವಾಗಿದೆ, ಕಥೆಯೊಂದೇ ಮಾತನಾಡುತ್ತದೆ. ಕಥೆಯನ್ನು ಅದರ ಅಂಗಗಳಾಗಿ ಬಿಡಿಸಿ ನೋಡಬೇಕು.

ಮೊದಲು ಕನ್ಯೆಯ ಪ್ರಸಂಗ. ಅಧಿಪತಿಯೊಬ್ಬನು ಕುಲಕನ್ಯೆಯನ್ನು ಬಯಸಿದುದು, ಕುಲದವರು ಒಪ್ಪದೆ ಚದರಿದುದು: ಇದು ಆವತಿಯವರ ಕಥೆ ಮಾತ್ರವಲ್ಲ. ಪೆನುಗೊಂಡೆಯ ಕನ್ಯಕಾಪರಮೇಶ್ವರಿಯ ವಿಷಯದಲ್ಲಿ ವೈಶ್ಯರು ಹೇಳುವುದು ಇದನ್ನೇ. ತಮಿಳುನಾಡಿನಲ್ಲಿ ನೆಲಸಿದ ತೆಲುಗರಾದ ತೊಟ್ಟಿಯರೂ ಇದನ್ನೇ ಹೇಳುತ್ತಾರೆ. ಅವರ ಕಥೆಯಲ್ಲಿ ಹೊಳೆಯ ದಡದ ಹೊಂಗೆಮರಗಳು ಬಾಗಿ ದಾಟಿಸಿದುವಂತೆ, ಇಲ್ಲಿ ಪಾಲಾರೇ ದಾರಿಬಿಟ್ಟಿತು. ಒಂದೇ ಘಟನೆಯು ಇಷ್ಟು ಕುಲಗಳಿಗೆ ಪ್ರತ್ಯೇಕ ಪ್ರತ್ಯೇಕವಾಗಿ ಸಂಭವಿಸಿತೆನ್ನುವುದಕ್ಕಿಂತ, ವಲಸೆಯನ್ನು ನೆನೆಯುವುದಕ್ಕೆ ದಕ್ಷಿಣದೇಶದ ಜನರು ಬಳಸಿದ ಒಂದು ಸಿದ್ಧವಾದ ಅಚ್ಚು ಇದೆನ್ನುವುದು ಯುಕ್ತ. ಊರುಬಿ‍ಟ್ಟುದಕ್ಕೆ ಬಡತನ, ಬರ, ಹೊಸ ಭೂಮಿಯ ಆಸೆ ಯಾವುದೇ ಕಾರಣವಾಗಿರಲಿ, ಮೊಮ್ಮಕ್ಕಳಿಗೆ ಹೇಳುವಾಗ ಮಾನರಕ್ಷಣೆಯೇ ಕಾರಣವಾಗಿ ನಿಲ್ಲುತ್ತದೆ.

ಎರಡನೆಯದು ಏಳು ಮನೆಗಳ ಲೆಕ್ಕ. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಈ ಸೀಮೆಯಲ್ಲಿ ಆಳುತ್ತಿದ್ದ ಮೊರಸು ಒಕ್ಕಲಿಗ ಪಾಳೆಯಪಟ್ಟುಗಳೆಲ್ಲಕ್ಕೂ ಒಬ್ಬೊಬ್ಬ ಮೂಲಪುರುಷನು ಒಂದೇ ಬಂಡಿಸಾಲಿನಲ್ಲಿ ಸಿಕ್ಕುತ್ತಾನೆ. ಚಿಕ್ಕಬಳ್ಳಾಪುರಕ್ಕೆ ೧೪೭೯, ದೇವನಹಳ್ಳಿಯ ಕೋಟೆಗೆ ೧೫೦೧ ಎಂದು ಐತಿಹ್ಯವೇ ವರ್ಷಗಳನ್ನು ಕೊಡುತ್ತದೆ. ಬೇರೆ ಬೇರೆ ಕಾಲಗಳಲ್ಲಿ ತಲೆಯೆತ್ತಿದ ಮನೆತನಗಳು ಕೊಳುಕೊಡೆಯಿಂದ ಬಂಧುಗಳಾದಮೇಲೆ, ಆ ಬಾಂಧವ್ಯವನ್ನು ಹಿಂದಕ್ಕೆ ಎಳೆದು ಸೋದರತ್ವವನ್ನಾಗಿ ಮಾಡಿಕೊಂಡಂತೆ ಇದು ತೋರುತ್ತದೆ. ಇದು ವಂಶವೃಕ್ಷದ ವೇಷ ಧರಿಸಿದ ಒಂದು ಸೀಮಾಪಟ.

ಮೂರನೆಯದು ಕುಲದ ಹೆಸರು, ಕುಲದೈವ. ಮೊರಸುನಾಡೆಂಬುದು ಕೋಲಾರ ಮತ್ತು ಬೆಂಗಳೂರಿನ ಮೂಡಣ ಸೀಮೆಯ ಹಳೆಯ ಹೆಸರು. ಮೊರಸು ಎಂಬ ವಿಶೇಷಣವು ಒಕ್ಕಲಿಗರಿಗೆ ಮಾತ್ರವಲ್ಲದೆ ಅದೇ ಸೀಮೆಯ ಹೊಲೆಯರ ಒಂದು ಪಂಗಡಕ್ಕೂ ಇದೆ. ಎಂದಮೇಲೆ ಅದು ನೆಲದಿಂದ ಬಂದ ಹೆಸರು. ಮೊರಸು ಒಕ್ಕಲಿಗರು ನಡೆದುಕೊಳ್ಳುವ ಭೈರವನ ಪ್ರಸಿದ್ಧ ಸ್ಥಾನವು ಕೋಲಾರದ ಬಳಿಯ ಸೀತಿಬೆಟ್ಟ. ಅದು ಕಂಚಿಯ ಸೀಮೆಯಲ್ಲಿಲ್ಲ. ರಣಭೈರೇಗೌಡನ ಹೆಸರಿನಲ್ಲಿರುವವನೂ ಇದೇ ದೈವ. ಹಿರಿಯ ಕೆಂಪೇಗೌಡನು ಅಪ್ಪಣೆಯಿಲ್ಲದೆ ಅಚ್ಚುಹಾಕಿಸಿ ಐದು ವರ್ಷ ಆನೆಗೊಂದಿಯಲ್ಲಿ ಸೆರೆಯಿದ್ದನೆಂದು ಹೇಳುವ ಆ ನಾಣ್ಯಕ್ಕೂ ಭೈರವನ ಹೆಸರನ್ನೇ ಹೇಳುತ್ತಾರೆ. ಬಹುದೂರದಿಂದ ಬಂದವರು ಮಾತನ್ನು ಮರೆತಾರು, ಉಡುಪನ್ನು ಬದಲಿಸಿಯಾರು. ಮನೆದೇವರನ್ನು ಬಿಡುವುದು ಅಪೂರ್ವ. ಈ ಸಾಕ್ಷಿಯು ಕಂಚಿಯ ಕಡೆಗಿಂತ ಕೋಲಾರದ ಕಡೆಗೇ ಹೆಚ್ಚು ವಾಲುತ್ತದೆ.

ಹಾಗಾದರೆ ಕಂಚಿಯ ಮಾತು ಬರಿಯ ಸುಳ್ಳೇ? ಅಷ್ಟು ದೂರ ಹೋಗಲು ನಾವು ಸಿದ್ಧರಿಲ್ಲ. ಭೂಪಟವನ್ನು ನೋಡಿದರೆ ಒಂದು ಸಂಗತಿಯು ಕಣ್ಣಿಗೆ ಹೊಳೆಯುತ್ತದೆ. ಕಥೆಯಲ್ಲಿ ಅಡ್ಡವಾಗಿ ಬಂದ ಪಾಲಾರು ನದಿಯು ಹುಟ್ಟುವುದು ನಂದಿ ಕೋಲಾರಗಳ ಸೀಮೆಯಲ್ಲಿಯೇ. ಅದು ಮೂಡಲಿಗೆ ಹರಿದು ಕಂಚಿಯ ಪಕ್ಕದಲ್ಲಿ ಸಾಗಿ ಸಮುದ್ರವನ್ನು ಸೇರುತ್ತದೆ. ಕಂಚಿಯ ಬಯಲಿನ ಒಕ್ಕಲಿಗನೊಬ್ಬನು ನೀರಿನ ಜಾಡನ್ನು ಹಿಡಿದು ಮೇಲಕ್ಕೆ ನಡೆದರೆ, ದಿನಗಳೋ ತಲೆಮಾರುಗಳೋ ಕಳೆದಮೇಲೆ ಅವನು ಬಂದು ಮುಟ್ಟುವುದು ನಂದಿಯ ಸೀಮೆಯನ್ನೇ. ಪಾಲಾರು ದಾಟಿದ ಹೊಳೆಯಲ್ಲ, ಅನುಸರಿಸಿದ ಹಾದಿ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಕೋಲಾರವು ಚೋಳರ ವಶವಾದ ಲಾಗಾಯ್ತು ಈ ಹಾದಿಯಲ್ಲಿ ಜನಸಂಚಾರವಿತ್ತೆಂಬುದಕ್ಕೆ ಕೋಲಾರದಲ್ಲಿಯೂ ಬೆಂಗಳೂರಿನ ದೊಮ್ಮಲೂರು ಮುಂತಾದೆಡೆಗಳಲ್ಲಿಯೂ ಇರುವ ತಮಿಳು ಶಾಸನಗಳೇ ಸಾಕ್ಷಿ. ಹೀಗೆ ಮೂಡಲಿನಿಂದ ಒಂದು ಮನೆತನ ಬಂದು, ಮೊರಸುನಾಡಿನ ಕುಲದೊಳಗೆ ಬೆರೆತು, ಅಲ್ಲಿಯ ದೈವವನ್ನೂ ಹೆಸರನ್ನೂ ತನ್ನದಾಗಿ ಮಾಡಿಕೊಂಡಿರುವುದು ಅಸಂಭವವೇನೂ ಅಲ್ಲ. ಆದರೆ ಅಸಂಭವವಲ್ಲವೆಂಬುದು ಬೇರೆ, ಸಿದ್ಧವಾಯಿತೆಂಬುದು ಬೇರೆ.

ಕೆಂಪೇಗೌಡನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಗಂಗಾಗೌರೀವಿಲಾಸವೆಂಬ ತೆಲುಗು ಯಕ್ಷಗಾನವನ್ನು ಮೂಡಣ ಮೂಲಕ್ಕೆ ಪ್ರಮಾಣವಾಗಿ ತರುವವರಿಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ವಿಜಯನಗರದ ಆಸ್ಥಾನದಲ್ಲಿ ತೆಲುಗಿಗೆ ದೊರೆತ ಮನ್ನಣೆಯನ್ನು ಬಲ್ಲವರಿಗೆ, ಅದರ ಸಾಮಂತನೊಬ್ಬನು ತೆಲುಗಿನಲ್ಲಿ ಬರೆದುದು ಆಶ್ಚರ್ಯವಲ್ಲ. ಭಾಷೆಯು ಆ ಕಾಲದ ಅಭಿರುಚಿಯನ್ನು ತೋರಿಸುತ್ತದೆ, ತಾತನ ಊರನ್ನಲ್ಲ. ಕಂಚಿಯ ಸೀಮೆಯೂ ತೆಲುಗುನಾಡಲ್ಲವಷ್ಟೆ.

೭

ಹಿಂದಿನಿಂದ ನಡೆದುಬಂದುದರ ಲಾಭವೇನೆಂದು ಈಗ ಹೇಳಬಹುದು. ಕಡೆಯ ಘಟ್ಟದಲ್ಲಿ ನಮ್ಮ ಬಳಿ ಕಥೆಯೂ ಇತ್ತು, ಕಥೆಯನ್ನು ಅಳೆಯುವ ಕೋಲೂ ಇತ್ತು. ಅಳೆದು ನೋಡಿದಾಗ ಕಂಡುದೇನು? ಕಥೆಯು ದಿಕ್ಕಿನ ವಿಷಯದಲ್ಲಿ ಸತ್ಯವನ್ನಾಡಿತು. ಕಾಲದ ವಿಷಯದಲ್ಲಿ ತಲೆಮಾರುಗಳನ್ನು ಒಂದು ರಾತ್ರಿಯಾಗಿ ಮಡಿಸಿತು. ಕಾರಣದ ವಿಷಯದಲ್ಲಿ ಬೆಳವಣಿಗೆಯನ್ನು ಪಲಾಯನವೆಂದು ಹೇಳಿತು. ಮೊದಲನೆಯ ಘಟ್ಟದಲ್ಲಿ ಕಥೆ ಮಾತ್ರ ಇದೆ, ಕೋಲಿಲ್ಲ. ಆದರೆ ಒಂದೇ ಮನೆತನದ ಒಂದೇ ನೆನಪು ಒಂದು ಕಡೆ ಹೇಗೆ ನಡೆದುಕೊಂಡಿತೆಂಬುದನ್ನು ಬಲ್ಲ ನಾವು, ಇನ್ನೊಂದು ಕಡೆಯೂ ಅದು ಹಾಗೆಯೇ ನಡೆದುಕೊಂಡಿರಬೇಕೆಂದು ಭಾವಿಸುವುದು ನ್ಯಾಯ. ಆದಕಾರಣ ಆವತಿಯ ಕಥೆಯಲ್ಲಿ ಮೂಡಲಿನಿಂದ ಬಂದರೆಂಬ ದಿಕ್ಕನ್ನು ನಂಬಿಕೆಗೆ ಅರ್ಹವೆಂದೂ, ಒಂದೇ ರಾತ್ರಿ, ಒಂದೇ ಬಂಡಿಸಾಲು, ಒಂದೇ ಕಾರಣವೆಂಬುದನ್ನು ನೆನಪಿನ ಸಂಕ್ಷೇಪವೆಂದೂ ತಿಳಿಯುತ್ತೇವೆ. ರಣಭೈರೇಗೌಡನೆಂಬ ಒಬ್ಬನು ಇದ್ದಿರಬಹುದು. ಆದರೆ ಅವನ ಬಂಡಿಯಲ್ಲಿ ಅನೇಕ ತಲೆಮಾರುಗಳ ಅಜ್ಞಾತ ಒಕ್ಕಲುಗಳು ಕುಳಿತಿವೆ.

ಇದು ಪಂಡಿತರ ವಿನೋದದ ಚರ್ಚೆಯಲ್ಲ. ಬೆಂಗಳೂರಿನಲ್ಲಿ ಮೂಲನಿವಾಸಿಗಳಾರು, ಬಂದು ಸೇರಿದವರಾರು ಎಂಬ ವಾದವು ಎದ್ದಾಗಲೆಲ್ಲ ಈ ಕಥೆಯನ್ನು ಎರಡು ಪಕ್ಷದವರೂ ಎಳೆದು ತರುತ್ತಾರೆ. ಕಟ್ಟಿದವನ ಪೂರ್ವಜನೇ ಓಡಿಬಂದವನೆಂದು ಒಬ್ಬರು. ಆ ಮಾತೇ ಅಪಮಾನವೆಂದು ಇನ್ನೊಬ್ಬರು. ದಾಖಲೆಗಳು ಇಬ್ಬರನ್ನೂ ಸಮರ್ಥಿಸುವುದಿಲ್ಲ. ಅವು ತೋರಿಸುವುದು ಕೆರೆ ಕಟ್ಟಿ, ಹೋಬಳಿ ಕೂಡಿಸಿ, ಪೇಟೆ ನಿಲ್ಲಿಸಿ, ಮೆಟ್ಟಿಲು ಮೆಟ್ಟಿಲಾಗಿ ಪಡುವಲಿಗೆ ನಡೆದ ಒಕ್ಕಲುತನದ ಒಂದು ಮನೆತನವನ್ನು. ನೆಲವು ಅವರದಾದುದು ಅಲ್ಲಿ ಹುಟ್ಟಿದುದರಿಂದಲ್ಲ, ಅಲ್ಲಿ ದುಡಿದುದರಿಂದ.

ಇದೇ ವಿಧಾನವು ಸಾಮಾನ್ಯರ ಮನೆತನಗಳಿಗೂ ಸಲ್ಲುತ್ತದೆ. ಪಶ್ಚಿಮ ಬೆಂಗಳೂರಿನ ಬಡಾವಣೆಗಳೊಳಗೆ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅಗ್ರಹಾರ ದಾಸರಹಳ್ಳಿ ಎಂಬ ಹಳೆಯ ಗ್ರಾಮಗಳು ಹೆಸರಿನಲ್ಲಾದರೂ ಬದುಕಿವೆ. ಅಂತಹ ಗ್ರಾಮಗಳ ಹಿರಿಯರಲ್ಲಿ ತಾತಂದಿರು ಮೂಡಲಿಂದಲೋ ಬಡಗಲಿಂದಲೋ ಬಂದರೆಂಬ ಮಾತು ಕೇಳಿಬಂದರೆ, ಅದನ್ನು ನಗೆಯಾಡದೆ ಬರೆದುಕೊಳ್ಳಬೇಕು. ಬರೆದುಕೊಂಡು ನಂಬಿಬಿಡದೆ ಮನೆದೇವರ ಸ್ಥಾನದೊಡನೆ, ಕೊಳುಕೊಡೆಯ ಊರುಗಳೊಡನೆ, ಕಂದಾಯದ ಕಾಗದಗಳೊಡನೆ, ಊರ ಮುಂದಿನ ಕಲ್ಲಿನೊಡನೆ ಹೋಲಿಸಬೇಕು. ೧೯೦೫ರಲ್ಲಿ ರೈಸ್ ಅವರ ಸಂಪುಟದಲ್ಲಿ ಅಚ್ಚಾದ ಎಷ್ಟೋ ಕಲ್ಲುಗಳು ನಗರವು ಬೆಳೆದಂತೆಲ್ಲ ಚರಂಡಿಯ ಹಾಸಾಗಿ, ತಳಪಾಯದ ಕಲ್ಲಾಗಿ ಮಾಯವಾದುವು. ಉಳಿದವನ್ನು ಹುಡುಕಿ, ಮೂರು ಆಯಾಮಗಳ ಪ್ರತಿರೂಪವನ್ನು ತೆಗೆದಿಡುವ ಕೆಲಸವನ್ನು ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಮೊದಲುಮಾಡಿದುದು ಸ್ತುತ್ಯರ್ಹ. ಕಲ್ಲಿನ ಪ್ರತಿರೂಪವನ್ನು ಉಳಿಸಬಹುದು. ಅದರ ಪಕ್ಕದ ಮನೆಯಲ್ಲಿ ಕುಳಿತಿರುವ ವೃದ್ಧರ ಮಾತನ್ನು ಇಂದೇ ಬರೆದುಕೊಳ್ಳದಿದ್ದರೆ ನಾಳೆ ಯಾವ ಯಂತ್ರವೂ ಅದನ್ನು ಮರಳಿ ತಾರದು. ಎರಡನ್ನೂ ಒಟ್ಟಿಗೆ ಇಟ್ಟು ಓದುವ ಶೋಧಕರು ಈ ಸೀಮೆಯಿಂದಲೇ ಹೊರಟುಬರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.